ಪುಸ್ತಕದ ಹೆಸರಲ್ಲಿ ಒಂದೇ ಅಕ್ಷರ ಬದಲಿಸುವ ಆಟ: ಕನ್ನಡದಲ್ಲಿ ‘ಒಂದು ಅಕ್ಷರ’ ಅಂದ್ರೆ ಎಷ್ಟು?

ಸೀಮೆಸುಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಪ್ರತಿ ವರ್ಷ ಅದೇ ಭಾಷಣ, ಅದೇ ರಸಪ್ರಶ್ನೆ, ಅಡುಗೆ ಸೋಡಾ ಸುರಿದು ಉಕ್ಕಿಸುವ ಅದೇ ಜ್ವಾಲಾಮುಖಿ. ಈ ಸಲ ರಸಪ್ರಶ್ನೆಗೂ ಬಹುಮಾನಕ್ಕೂ ನಡುವೆ ಅರ್ಧ ಗಂಟೆ ನನ್ನ ಕೈಗೆ ಸಿಕ್ಕಿದೆ. ಒಂದು ಆಟ ಆಡಿಸಬೇಕು ಅಂತ ಆಸೆ.

ಆಟ ಸುಲಭ. ವೈಜ್ಞಾನಿಕ ಕತೆಯದ್ದೋ ಮಾಯಾಲೋಕದ ಕತೆಯದ್ದೋ ಒಂದು ಪುಸ್ತಕದ ಹೆಸರು ತೆಗೆದುಕೊಳ್ಳಬೇಕು. ಅದರಲ್ಲಿ ಒಂದೇ ಒಂದು ಅಕ್ಷರ ಬದಲಿಸಬೇಕು, ಇಲ್ಲಾ ಸೇರಿಸಬೇಕು, ಇಲ್ಲಾ ಕಿತ್ತುಹಾಕಬೇಕು. ಆಮೇಲೆ ಆ ಹೊಸ ಪುಸ್ತಕದಲ್ಲಿ ಏನು ಕತೆ ಇರುತ್ತದೆ ಅಂತ ಒಂದು ಸಾಲಲ್ಲಿ ಹೇಳಬೇಕು. ಇಂಗ್ಲಿಷಿನವರು ಇದನ್ನು ಬಹಳ ಕಾಲದಿಂದ ಆಡುತ್ತಿದ್ದಾರೆ. ಕನ್ನಡದಲ್ಲಿ ಆಡಿಸಲು ಹೋದರೆ ಮೊದಲ ದಿನವೇ ಜಗಳ ಆಯಿತು.

ಒಂಬತ್ತನೇ ಕ್ಲಾಸಿನಲ್ಲಿ ಸುಮ್ನೆ ಒಂದು ಪೀರಿಯಡ್ ಆಡಿಸಿ ನೋಡಿದೆ. ಹುಡುಗರೆಲ್ಲ ‘ಹ್ಯಾರಿ ಪಾಟರ್’ ಮೇಲೆ ಬಿದ್ದರು. ಹ್ಯಾರಿ ವಾಟರ್, ಹ್ಯಾರಿ ಮೋಟರ್, ಹ್ಯಾರಿ ಮ್ಯಾಟರ್, ಹ್ಯಾರಿ ಕ್ವಾಟರ್. ಕೊನೆಯದನ್ನು ಹೇಳಿದವನಿಗೆ ಆ ಪದ ಎಲ್ಲಿ ಕೇಳಿದೆ ಅಂತ ನಾನು ಕೇಳಲಿಲ್ಲ. ನಗು ಬಂತು ನಿಜ, ಆದರೆ ಐದು ನಿಮಿಷಕ್ಕೆ ಆಟ ಸಪ್ಪೆಯಾಯಿತು. ಅಷ್ಟರಲ್ಲಿ ಒಬ್ಬಳು ‘ದ ಹಾಬಿಟ್’ ಅನ್ನು ‘ದ ಹ್ಯಾಬಿಟ್’ ಮಾಡಿದಳು. ದಿನಕ್ಕೆ ಎರಡು ಸಲ ಬೆಳಗಿನ ತಿಂಡಿ ತಿನ್ನುವ ಚಟ ಬಿಡಲಾಗದವನ ಕತೆ ಅಂದಳು. ನನಗೆ ತುಂಬಾ ಇಷ್ಟವಾಯಿತು. ಪಕ್ಕದ ಬೆಂಚಿನವನು ಎದ್ದು ನಿಂತ. “ಮಿಸ್, ಅವಳು ಯ ಒತ್ತು ಸೇರಿಸಿದ್ದಾಳೆ, ಯ ಅನ್ನೋದು ಬೇರೆ ಅಕ್ಷರ, ಹಾ ಹೋಗಿ ಹ್ಯಾ ಆಗಿರೋದು ಇನ್ನೊಂದು ಬದಲಾವಣೆ, ಒಟ್ಟು ಎರಡು.” ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿದರೆ, “ಹ್ಯಾ ಒಂದೇ ಅಕ್ಷರ, ಹಾ ಕೂಡ ಒಂದೇ ಅಕ್ಷರ, ಆದ್ದರಿಂದ ಸರಿ” ಅಂದರು. ಹಾಗೆ ನೋಡಿದರೆ ‘ಸ್ತ್ರೀ’ ಅನ್ನುವುದನ್ನೂ ಒಂದೇ ಏಟಿಗೆ ಬದಲಿಸಬಹುದು. ಅದು ಅನ್ಯಾಯ ಅಲ್ವಾ?

ನಿಮಗೆ ಕೇಳುವುದು ಎರಡು. ಒತ್ತು, ದೀರ್ಘ, ಸೊನ್ನೆ, ಅರ್ಕಾವತ್ತು ಇವನ್ನೆಲ್ಲ ಹೇಗೆ ಎಣಿಸುವುದು? ಮತ್ತೆ ಯಾವ ಪುಸ್ತಕಗಳನ್ನು ಕೊಡುವುದು? ಅಪ್ಪ ಅಮ್ಮಂದಿರೂ ಬಂದು ಕೂತಿರುತ್ತಾರೆ. ಇಂಗ್ಲಿಷ್ ಹೆಸರೇ ಆದರೆ ಅರ್ಧ ಸಭೆ ಸುಮ್ಮನೆ ಕೂರುತ್ತದೆ.

---

ಕರಡು ತಿದ್ದುವವ:

ಟೀಚರ್, ನಿಮ್ಮ ಕ್ಲಾಸಿನ ಜಗಳವೇ ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಪುಸ್ತಕಗಳ ಕರಡು ತಿದ್ದುತ್ತೇನೆ. ಬಿದ್ದುಹೋದ ಗುಡಿಸು, ಪಕ್ಕದ ಅಕ್ಷರದ ಕಾಲಿಗೆ ಹೋಗಿ ನೇತುಬಿದ್ದ ಒತ್ತು, ಇವನ್ನೆಲ್ಲ ಹಿಡಿದು ತಂದರೆ ಸಂಬಳ. ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಈ ಆಟವನ್ನು ಯಾರೂ ಬೇಕಂತ ಆಡಬೇಕಾಗಿಲ್ಲ, ಅಚ್ಚಿನಮನೆ ತಾನಾಗಿಯೇ ಆಡುತ್ತದೆ. ವ ಮತ್ತು ಪ ನಡುವೆ ಇರುವುದು ಒಂದು ಸಣ್ಣ ಸೀಳು. ‘ಕವಿ ಪರಿಚಯ’ ನನ್ನ ಮೇಜಿಗೆ ‘ಕಪಿ ಪರಿಚಯ’ ಆಗಿ ಬಂದದ್ದಿದೆ. ಕವಿಗಳು ನೋಡುವ ಮೊದಲೇ ಸರಿಮಾಡಿದೆ, ಸ್ವಲ್ಪ ಬೇಸರದಿಂದಲೇ.

ಎಣಿಕೆಗೆ ನನ್ನ ಲೆಕ್ಕ ಹೀಗೆ. ಕೆಂಪು ಪೆನ್ನು ಹಿಡಿದು ಒಂದೇ ಜಾಗದಲ್ಲಿ ಒಂದೇ ಗುರುತು ಹಾಕಿ ತಿದ್ದಬಹುದಾದದ್ದು ಒಂದು ಬದಲಾವಣೆ. ಗುಡಿಸು, ಇಳಿ, ಕೊಂಬು, ಏತ್ವ ಯಾವುದಾದರೂ ಒಂದು ಕಾಗುಣಿತದ ಗುರುತು. ಇಲ್ಲವೇ ಒಂದು ಒತ್ತು. ಇಲ್ಲವೇ ಕಾಗುಣಿತ ಹಾಗೇ ಇಟ್ಟು ಮೂಲ ವ್ಯಂಜನ ಮಾತ್ರ. ಹಾಬಿಟ್‌ಗೆ ಒಂದು ಯ ಒತ್ತು ಸಿಕ್ಕಿಸಿದರೆ ಹ್ಯಾಬಿಟ್. ಒಂದೇ ಗುರುತು. ಹುಡುಗಿ ಗೆದ್ದಳು. ‘ಸ್ತ್ರೀ’ಗೆ ಮೂರು ಕಡೆ ಪೆನ್ನು ಮುಟ್ಟಿಸಬೇಕು, ಅದು ಔಟ್.

ಪುಸ್ತಕಗಳ ವಿಷಯ. ನಮ್ಮಲ್ಲಿ ಮಾಯೆಗೆ ಬರವಿಲ್ಲ. ಕಂಬಾರರ ‘ಚಕೋರಿ’ ತೆಗೆದುಕೊಳ್ಳಿ, ಮಹಾಕಾವ್ಯ. ಚಕಾರಕ್ಕೆ ಒಂದು ಗುಡಿಸು ಕೊಡಿ.

ಚಿಕೋರಿ: ಬೆಳದಿಂಗಳು ಮಾತ್ರ ಕುಡಿಯುತ್ತಿದ್ದ ಹಕ್ಕಿಗೆ ಯಾರೋ ಒಂದು ಲೋಟ ಫಿಲ್ಟರ್ ಕಾಫಿ ಕೊಟ್ಟರು. ಈಗ ಹುಣ್ಣಿಮೆಗೂ ಬರುವುದಿಲ್ಲ.

ಅವರದೇ ಕಾದಂಬರಿ ‘ಶಿಖರಸೂರ್ಯ’. ಗುಡಿಸು ತೆಗೆದು ಏತ್ವ ಹಾಕಿ, ಎಳೆಯಿರಿ.

ಶೇಖರಸೂರ್ಯ: ಇಬ್ಬರು ಅಣ್ಣತಮ್ಮಂದಿರ ಹಾರ್ಡ್‌ವೇರ್ ಅಂಗಡಿ. ಒಬ್ಬನಿಗೆ ಅಮರನಾಗುವ ಆಸೆ, ಇನ್ನೊಬ್ಬನಿಗೆ ಬಾಕಿ ವಸೂಲಿಯ ಚಿಂತೆ.

ತೇಜಸ್ವಿಯವರ ‘ಕರ್ವಾಲೊ’ (1980) ಪೂರ್ತಿ ವೈಜ್ಞಾನಿಕ ಕಲ್ಪನೆ ಅಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ವ ಹೋಗಿ ಚ ಬರಲಿ.

ಕರ್ಚಾಲೊ: ಹಾರುವ ಓತಿ ಹುಡುಕಲು ಹೋದ ತಂಡದ ಜೀಪಿನ ಪೆಟ್ರೋಲು, ಬಿರಿಯಾನಿ ಅಕ್ಕಿ ಮತ್ತು ಇತರೆ ಬಾಬ್ತು. ಓತಿ ಸಿಕ್ಕರೂ ರಸೀತಿ ಸಿಗಲಿಲ್ಲ.

ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಿಮ್ಮ ಹುಡುಗರ ಹ್ಯಾರಿ ಮೋಟರ್ ಯಾಕೆ ಸಪ್ಪೆಯಾಯಿತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ರಾಗಮಂಡಲ ಅನ್ನಬಹುದು. ನಿಯಮಕ್ಕೆ ಸರಿ. ಆದರೆ ಆಮೇಲೆ? ಸಂಗೀತ ಕಚೇರಿ ನಡೆಯುತ್ತದೆ, ಅಷ್ಟೇ. ಮೂಲ ನಾಟಕ ಎಲ್ಲೋ ಹೋಯಿತು. ಈಗ ಇದನ್ನು ನೋಡಿ.

ಜಾಗಮಂಡಲ: ಹಗಲು ಬರುವವನು ನಿಜವಾದ ಮಾಲೀಕ. ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ ಅದೇ ತರ್ಟಿ-ಫಾರ್ಟಿ ಸೈಟನ್ನು ಇನ್ನೊಬ್ಬರಿಗೆ ಬರೆದುಕೊಡುತ್ತದೆ. ಕೊನೆಗೆ ಹುತ್ತದಲ್ಲಿ ಕೈಯಿಟ್ಟು ಪ್ರಮಾಣ ಮಾಡುವ ಪಾಳಿ ಸಬ್‌ರಿಜಿಸ್ಟ್ರಾರ್‌ದು. ನಾಗಕ್ಕೆ ಹೆಬ್ಬೆಟ್ಟು ಎಲ್ಲಿಂದ ಬಂತು ಎಂದು ಕೇಳಬೇಡಿ.

ಗಂಡನ ರೂಪದಲ್ಲಿ ಬರುವ ನಾಗ, ಹುತ್ತದ ಮುಂದಿನ ಪ್ರಮಾಣ, ಎರಡೂ ಕಾರ್ನಾಡರ ನಾಟಕದವೇ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ಬೆಂಗಳೂರಿನದು. ಆ ಒಂದು ಸಾಲಿನ ಒಳಗೆ ಹಳೆ ಕತೆ ಉಸಿರಾಡುತ್ತಿರಬೇಕು. ಹೆಸರು ಬದಲಿಸುವುದು ಯಾರಿಂದಾದರೂ ಆಗುತ್ತದೆ, ನನ್ನ ಡಿಟಿಪಿ ಹುಡುಗನಿಂದಲೂ ಆಗುತ್ತದೆ. ಆಟ ಇರುವುದು ಕೆಳಗಿನ ಸಾಲಿನಲ್ಲಿ. ಅಂಕ ಕೊಡುವಾಗ ಹೆಸರಿಗೆ ಕಡಿಮೆ, ಸಾಲಿಗೆ ಜಾಸ್ತಿ ಕೊಡಿ.

ಇನ್ನೊಂದು ಬಗೆ ಇದೆ, ಮೊದಲಕ್ಷರ ಅದಲುಬದಲು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನ ಮುಖ್ಯಸ್ಥರಾಗಿದ್ದ ವಿಲಿಯಂ ಸ್ಪೂನರ್ (1844–1930) ಹೆಸರಿನಲ್ಲಿ ಅದಕ್ಕೆ ಸ್ಪೂನರಿಸಂ ಅಂತಾರೆ. ಅವರ ಬಾಯಿಗೆ ಹಾಕಿರುವ ಬಹುಪಾಲು ಮಾತುಗಳು ವಿದ್ಯಾರ್ಥಿಗಳೇ ಕಟ್ಟಿದವು, ಅದು ಬೇರೆ ಮಾತು. ಕನ್ನಡದಲ್ಲಿ ಇದು ಅಷ್ಟು ಚೆನ್ನಾಗಿ ಕೂರುವುದಿಲ್ಲ, ಅರ್ಥವಿಲ್ಲದ ಪದ ಹುಟ್ಟುತ್ತದೆ. ಆದರೆ ‘ಹಯವದನ’ಕ್ಕೆ (1971) ಮಾತ್ರ ಇದನ್ನೇ ಆಡಬೇಕು. ಅಲ್ಲಿ ಪದ್ಮಿನಿ ಗಡಿಬಿಡಿಯಲ್ಲಿ ದೇವದತ್ತ ಮತ್ತು ಕಪಿಲನ ತಲೆಗಳನ್ನು ಅದಲುಬದಲು ಜೋಡಿಸಿಬಿಡುತ್ತಾಳಲ್ಲ? ಹಾಗೆಯೇ ಹೆಸರಿನ ತಲೆ ಬದಲಿಸಿ: ಕವದತ್ತ ಮತ್ತು ದೇಪಿಲ. ಇನ್ನು ಪದ್ಮಿನಿಗೆ ಗಂಡ ಯಾರು ಅಂತ ಮಕ್ಕಳನ್ನು ಕೇಳಿ. ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

---

ಕೆಂಪುಕಲ್ಲು:

ಜಾಗಮಂಡಲ ಓದಿ ಆಫೀಸಿನಲ್ಲಿ ನಕ್ಕು ಸಿಕ್ಕಿಬಿದ್ದೆ ಮಾರಾಯ್ರೆ. ನಮ್ಮದು ಪುತ್ತೂರು ಕಡೆ. ನನ್ನ ಕಾಣಿಕೆ ಇಗೊಳ್ಳಿ.

ಲಾರಿ ಆಫ್ ದ ರಿಂಗ್ಸ್: ಬಾವಿಗೆ ಇಳಿಸುವ ಸಿಮೆಂಟ್ ರಿಂಗು ಹೊತ್ತ ಲಾರಿ ಮೊರ್ಡೋರಿಗೆ ಹೊರಟಿದೆ. ಎಲ್ಫರಿಗೆ ಮೂರು, ಕುಳ್ಳರಿಗೆ ಏಳು, ಮನುಷ್ಯರಿಗೆ ಒಂಬತ್ತು, ಬಿಲ್ಲು ಸರಿ ಇದೆ. ಎಲ್ಲವನ್ನೂ ಆಳುವ ಆ ಒಂದು ರಿಂಗು ಮಾತ್ರ ಶಿರಾಡಿ ಘಾಟಿಯ ತಿರುವಿನಲ್ಲಿ ಉರುಳಿ ಹೋಗಿದೆ. ಹುಡುಕಲು ಕ್ಲೀನರ್ ಇಳಿದಿದ್ದಾನೆ, ಮೇಲೆ ಬಂದವನು ಮೊದಲಿನ ಹಾಗಿಲ್ಲ.

ಇದೇ ಪುಸ್ತಕದ ಹೆಸರನ್ನು ಅಮೆರಿಕದಲ್ಲಿ 1969ರಲ್ಲೇ ತಿರುಚಿದ್ದಾರೆ, ‘ಬೋರ್ಡ್ ಆಫ್ ದ ರಿಂಗ್ಸ್’ ಅಂತ. ಹಾರ್ವರ್ಡ್ ವಿದ್ಯಾರ್ಥಿಗಳ ಹಾಸ್ಯಪತ್ರಿಕೆ ಲ್ಯಾಂಪೂನ್‌ನವರು. ಬೇಜಾರಾಗಿದೆ ಅನ್ನುವ ಬೋರ್ಡ್. ಉಂಗುರದಿಂದ ಬೇಜಾರಾದವರು ಅವರು, ಬಾವಿ ರಿಂಗಿನಿಂದ ಬೇಜಾರಾದವರು ನಾವು.

ಇನ್ನೊಂದು. ಜೂಲ್ಸ್ ವರ್ನ್‌ನ ಸಮುದ್ರದ ಕತೆಯಲ್ಲಿ ಲೀಗ್ಸ್ ತೆಗೆದು ಲೀಕ್ಸ್ ಮಾಡಿ.

20,000 ಲೀಕ್ಸ್ ಅಂಡರ್ ದ ಸೀ: ನಾಟಿಲಸ್ ಸಬ್‌ಮೆರೀನಿಗೆ ಪ್ಲಂಬರ್ ಬೇಕಾಗಿದ್ದಾರೆ. ಊಟ ವಸತಿ ಉಂಟು, ರಜೆ ಇಲ್ಲ.

ಆ ನಾಟಿಲಸ್‌ನ ಯಜಮಾನ ಕ್ಯಾಪ್ಟನ್ ನೆಮೊ ನಮ್ಮವನೇ, ಗೊತ್ತುಂಟಾ? ಮುಂದಿನ ‘ದ ಮಿಸ್ಟೀರಿಯಸ್ ಐಲ್ಯಾಂಡ್’ (1875) ಕಾದಂಬರಿಯಲ್ಲಿ ವರ್ನ್ ಗುಟ್ಟು ಬಿಡುತ್ತಾನೆ. ನೆಮೊ ಅಂದರೆ ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ. ಆದ್ದರಿಂದ ಪ್ಲಂಬರ್ ಶ್ರೀರಂಗಪಟ್ಟಣದಿಂದ ಹೋದರೆ ಭಾಷೆಯ ತೊಂದರೆ ಇರಲಿಕ್ಕಿಲ್ಲ.

ಲಾರ್ಡ್ ಹೋಗಿ ಲಾರಿ ಆದದ್ದು ಒಂದು ಬದಲಾವಣೆಯಾ ಎರಡಾ ಅಂತ ದೊಡ್ಡವರು ಹೇಳಬೇಕು.

---

ಸೊನ್ನೆ ಒಂದು:

ಕಂಪ್ಯೂಟರನ್ನು ಕೇಳಿದರೆ ಜಗಳವೇ ಇಲ್ಲ. ಯೂನಿಕೋಡ್‌ನಲ್ಲಿ ‘ಚಿ’ ಅಂದರೆ ಎರಡು ಸಂಕೇತ: ಚ, ಅದರ ಹಿಂದೆ ಗುಡಿಸು. ‘ಹಾ’ ಎರಡು. ‘ಹ್ಯಾ’ ನಾಲ್ಕು: ಹ, ವಿರಾಮ (ಹ ಒಳಗಿನ ಅ ತೆಗೆಯುವ ಗುರುತು), ಯ, ಇಳಿ. ಒಂದು ಸಂಕೇತ ಬದಲಾದರೆ ಒಂದು ಬದಲಾವಣೆ. ಹಾಬಿಟ್ ಹುಡುಗಿ ಎರಡು ಸಂಕೇತ ಸೇರಿಸಿದ್ದಾಳೆ, ಆದ್ದರಿಂದ ಔಟ್. ಲಾರ್ಡ್ ಬಿಚ್ಚಿದರೆ ಲ, ಇಳಿ, ರ, ವಿರಾಮ, ಡ, ವಿರಾಮ. ಲಾರಿ ಬರಬೇಕಾದರೆ ಮೂರು ಹೋಗಿ ಒಂದು ಗುಡಿಸು ಬರಬೇಕು. ಲಾರಿ ಸೀಜ್.

ಆದರೆ ಬರಿ ನಿಯಮ ಹೇಳಿ ಹೋಗುವುದಿಲ್ಲ. ಅಕ್ಷರ ಬಿಡಿ, ಅಂಕಿ ಮುಟ್ಟಿದರೆ ಈ ತಲೆನೋವೇ ಇಲ್ಲ ಅಲ್ವಾ? ಆರ್ವೆಲ್‌ನ ‘1984’ರಲ್ಲಿ ಕೊನೆಯ ಅಂಕಿಯನ್ನು ಒಂದು ಇಳಿಸಿ.

1983: ಬಿಗ್ ಬ್ರದರ್ ಎಲ್ಲವನ್ನೂ ನೋಡುತ್ತಾನೆ, ಎಲ್ಲವನ್ನೂ ರೆಕಾರ್ಡ್ ಮಾಡುತ್ತಾನೆ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಜಿಂಬಾಬ್ವೆ ಮೇಲೆ ಹೊಡೆದ 175 ಮಾತ್ರ ಅವನ ಹತ್ತಿರವೂ ಇಲ್ಲ.

ಕ್ರಿಕೆಟ್ ನೋಡದವರಿಗೆ: ಆ ಇನಿಂಗ್ಸ್‌ನ ವಿಡಿಯೊ ಇಲ್ಲವೇ ಇಲ್ಲ. ಇನ್ನೊಂದು ತುದಿಯಲ್ಲಿ ನಮ್ಮ ಸೈಯದ್ ಕಿರ್ಮಾನಿ ನಿಂತಿದ್ದರು, ಒಂಬತ್ತನೇ ವಿಕೆಟಿಗೆ ಮುರಿಯದ 126. ಆರ್ವೆಲ್‌ನ ಕಾದಂಬರಿಯ ಜೀವವೇ ಕ್ಯಾಮೆರಾ. ಕ್ಯಾಮೆರಾ ತಪ್ಪಿಸಿಕೊಂಡದ್ದು ಈ ಪಂದ್ಯ. ಕರಡು ಸರ್ ಹೇಳಿದ ‘ಕೆಳಗಿನ ಸಾಲು’ ಪರೀಕ್ಷೆಯಲ್ಲಿ ಇದು ಪಾಸ್ ಅಂದುಕೊಂಡಿದ್ದೇನೆ. ಜಪಾನಿನ ಮುರಕಾಮಿ ಇದೇ ಹೆಸರಿನ ಒಂಬತ್ತು ತೆಗೆದು ‘1ಕ್ಯೂ84’ ಅಂತ ದೊಡ್ಡ ಕಾದಂಬರಿಯನ್ನೇ ಬರೆದಿದ್ದಾರೆ. ಜಪಾನಿಯಲ್ಲಿ ಒಂಬತ್ತಕ್ಕೆ ಕ್ಯೂ ಅಂತಾರೆ, ಅದಕ್ಕೆ.

ಟೀಚರ್ ವಿಜ್ಞಾನದವರು, ಅವರಿಗೆ ಇದು. ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಪುಸ್ತಕ ಸುಡುವ ಕಾಲದ ಕತೆ. ಅಕ್ಷರವನ್ನೂ ಮುಟ್ಟಬೇಡಿ, ಅಂಕಿಯನ್ನೂ ಮುಟ್ಟಬೇಡಿ. ಒಂದು ಚುಕ್ಕಿ ಇಡಿ, ಸಾಕು.

ಫ್ಯಾರನ್‌ಹೀಟ್ 45.1: ಪುಸ್ತಕ ಸುಡಲು ಬಂದ ಸಿಬ್ಬಂದಿ ಚಳಿಗೆ ನಡುಗುತ್ತಿದ್ದಾರೆ. ಬೆಂಕಿ ಹತ್ತುವವರೆಗೆ ಹೊತ್ತು ಹೋಗಲಿ ಅಂತ ಒಬ್ಬ ಮೊದಲ ಪುಟ ಓದಿದ. ಈಗ ಯಾರೂ ಕಡ್ಡಿ ಗೀರಲು ಬಿಡುತ್ತಿಲ್ಲ.

ಸೆಲ್ಸಿಯಸ್‌ಗೆ ತಿರುಗಿಸಿದರೆ ಎಷ್ಟಾಗುತ್ತದೆ ಅಂತ ಮಕ್ಕಳಿಂದ ಲೆಕ್ಕ ಮಾಡಿಸಿ. 7 ಡಿಗ್ರಿಯ ಸ್ವಲ್ಪ ಮೇಲೆ.

ಮರಳಿನ ಗ್ರಹದ ದೈತ್ಯ ಹುಳಗಳ ಕಾದಂಬರಿ ‘ಡ್ಯೂನ್’ಗೆ ಎರಡು ಇದೆ. ಕೊನೆಯ ನ್ ಕಿತ್ತರೆ ‘ಡ್ಯೂ’: ಬೆಲೆಬಾಳುವ ಮಸಾಲೆ ಸಿಗುವ ಮರಳಿನ ಗ್ರಹದಲ್ಲಿ ಫ್ಲ್ಯಾಟ್ ಕೊಂಡವನಿಗೆ ಪ್ರತಿ ತಿಂಗಳು ಐದನೇ ತಾರೀಕು ಹುಳ ಬರುತ್ತದೆ. ಮೊದಲಕ್ಷರ ಬದಲಿಸಿದರೆ ‘ಜೂನ್’: ಅದೇ ಗ್ರಹಕ್ಕೆ ಮುಂಗಾರು ಬಂತು, ಕಾದಂಬರಿ ಎರಡನೇ ಪುಟಕ್ಕೆ ಮುಗಿಯಿತು.

---

ಕರಡು ತಿದ್ದುವವ:

ಸೊನ್ನೆ ಒಂದು ಅವರೇ, 45.1ಕ್ಕೆ ಶರಣು. ನಿಯಮಕ್ಕೆ ಮಾತ್ರ ಒಪ್ಪಲಾರೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ‘ವಿರಾಮ’ ಅನ್ನುವ ಸಂಕೇತ ಕಣ್ಣಿಗೂ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಅವಳಿಗೆ ವಿರಾಮ ಅಂದರೆ ಊಟದ ಗಂಟೆ. ಅವಳು ನೋಡಿದ್ದು ಒಂದು ಒತ್ತು, ಬರೆದದ್ದು ಒಂದು ಒತ್ತು. ಅಲ್ಲದೆ ನಿಮ್ಮ ‘ಜೂನ್’ ನಿಮ್ಮ ಲೆಕ್ಕದಲ್ಲೇ ಉಳಿಯುವುದಿಲ್ಲ, ಡ್ಯೂ ಬಿಚ್ಚಿ ನೋಡಿ.

---

ಗಂಭೀರ ಓದುಗ:

ಒಂದು ಮಾತು ಹೇಳಲೇ? ಈಗಿನ ಮಕ್ಕಳು ಓದುವುದೇ ಕಡಿಮೆ. ಓದದ ಪುಸ್ತಕವನ್ನು ಮೊದಲೇ ತಮಾಷೆಗೆ ಇಳಿಸಿದರೆ ಮುಂದೆ ‘ಚಕೋರಿ’ ಕೈಗೆತ್ತಿಕೊಂಡಾಗ ಅವರಿಗೆ ಕಾಫಿಪುಡಿಯೇ ನೆನಪಾಗುತ್ತದೆ. ದೊಡ್ಡ ಕೃತಿಗಳನ್ನು ಹೀಗೆ ಎಳೆದಾಡುವುದು ನನಗೆ ಹಿಡಿಸುವುದಿಲ್ಲ.

---

ಕರಡು ತಿದ್ದುವವ:

ನಿಮ್ಮ ಮಾತಿನ ಅರ್ಧ ನಾನು ಒಪ್ಪುತ್ತೇನೆ. ಓದದ ಪುಸ್ತಕದ ಮೇಲೆ ಈ ಆಟ ಆಡಿಸಬಾರದು. ಆಡಿಸಿದರೂ ಆಗುವುದಿಲ್ಲ, ಹ್ಯಾರಿ ಮೋಟರ್ ಆಗುತ್ತದೆ. ನಾಗ ಯಾರ ರೂಪದಲ್ಲಿ ಬರುತ್ತದೆ ಎಂದು ಗೊತ್ತಿಲ್ಲದವನಿಗೆ ಜಾಗಮಂಡಲ ಬರೆಯಲು ಬರುವುದಿಲ್ಲ, ಓದಿ ನಗಲೂ ಬರುವುದಿಲ್ಲ.

ಎಳೆದಾಟ ಅನ್ನುವುದನ್ನು ಒಪ್ಪುವುದಿಲ್ಲ. ಇದನ್ನು ಶುರುಮಾಡಿದವರು ಹೊರಗಿನವರಲ್ಲ, ಆ ಮನೆಯವರೇ. ಅಮೆರಿಕದ ‘ಮ್ಯಾಗಜೀನ್ ಆಫ್ ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’ 1949ರಲ್ಲಿ ಶುರುವಾದ ಪತ್ರಿಕೆ, ದೊಡ್ಡ ದೊಡ್ಡವರು ಬರೆದ ಜಾಗ. ಅದೇ ಪತ್ರಿಕೆ ಓದುಗರಿಗೆ ಇಂಥ ಸ್ಪರ್ಧೆಗಳನ್ನು ಇಡುತ್ತಿತ್ತು. ಸಂಪಾದಕರಾಗಿದ್ದ ಎಡ್ವರ್ಡ್ ಫರ್ಮನ್ ಅವುಗಳನ್ನೂ ವ್ಯಂಗ್ಯಚಿತ್ರಗಳನ್ನೂ ಸೇರಿಸಿ 1995ರಲ್ಲಿ ಪುಸ್ತಕ ಮಾಡಿದರು. ಅದರ ಹೆಸರು ‘ಓಯ್, ರೋಬಾಟ್’. ಅಸಿಮೋವರ ‘ಐ, ರೋಬಾಟ್’ಗೆ (1950) ಒಂದು ಸ್ವರದ ಪೆಟ್ಟು. ಕನ್ನಡದಲ್ಲಾದರೆ ‘ಏಯ್, ರೋಬಾಟ್’ ಅನ್ನುತ್ತಿದ್ದೆವು, ಹೋಟೆಲಿನಲ್ಲಿ ಮಾಣಿಯನ್ನು ಕರೆದ ಹಾಗೆ. ಇನ್ನೂ ಮಜಾ ಅಂದರೆ ‘ಐ, ರೋಬಾಟ್’ ಅನ್ನುವ ಹೆಸರು ಅಸಿಮೋವರು ಇಟ್ಟದ್ದೇ ಅಲ್ಲ. ಅವರಿಗೆ ‘ಮೈಂಡ್ ಅಂಡ್ ಐರನ್’ ಬೇಕಿತ್ತು. ಪ್ರಕಾಶಕರು ಬದಲಿಸಿದರು. 1939ರಲ್ಲೇ ಅದೇ ಹೆಸರಿನ ಕತೆಯೊಂದು ಬೇರೆಯವರದು ಬಂದಿತ್ತು, ಆದರೂ ಬದಲಿಸಿದರು. ಪ್ರಕಾಶಕರನ್ನು ನಾನು ಬಲ್ಲೆ, ನನಗೆ ಆಶ್ಚರ್ಯವಿಲ್ಲ.

ಆ ಪತ್ರಿಕೆಯಲ್ಲೇ 1956ರಿಂದ ಫರ್ಡಿನಂಡ್ ಫೆಗೂಟ್ ಅನ್ನುವವನ ಪುಟ್ಟ ಪುಟ್ಟ ಕತೆಗಳು ಬರುತ್ತಿದ್ದವು. ಪ್ರತಿ ಕತೆಯೂ ಒಂದು ಕೆಟ್ಟ ಶ್ಲೇಷೆಗೆ ಬಂದು ಬೀಳುತ್ತದೆ. ಬರೆದವರ ಹೆಸರು ಗ್ರೆಂಡೆಲ್ ಬ್ರಿಯರ್ಟನ್. ಅಂಥವರು ಯಾರೂ ಇಲ್ಲ. ರೆಜಿನಾಲ್ಡ್ ಬ್ರೆಟ್ನರ್ ಎಂಬ ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಬರೆದುಕೊಂಡದ್ದು. ಟೆರಿ ಪ್ರಾಚೆಟ್ 1987ರಲ್ಲಿ ‘ಈಕ್ವಲ್ ರೈಟ್ಸ್’ ಬರೆದರು. ಕಿವಿಗೆ ಸಮಾನ ಹಕ್ಕು, ಕಣ್ಣಿಗೆ ಸಮಾನ ವಿಧಿ, ಅಂದರೆ ಪೂಜೆ ಪುನಸ್ಕಾರದ ವಿಧಿ. ಒಳಗಿನ ಕತೆ ಗಂಡಸರದ್ದೇ ಆದ ಮಂತ್ರವಿದ್ಯೆಯನ್ನು ಕಲಿಯಲು ಹೊರಟ ಹುಡುಗಿಯದು. ಹೆಸರು, ಕತೆ ಎರಡೂ ಒಂದೇ ಗಂಟಿನಲ್ಲಿ. ಪಿಯರ್ಸ್ ಆಂಟನಿಯ ಒಂದು ಕಾದಂಬರಿಯ ಹೆಸರು ‘ಐಲ್ ಆಫ್ ವ್ಯೂ’. ಬೇಗ ಬೇಗ ಹೇಳಿ ನೋಡಿ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಹೇಳಿ.

ಕಾಫಿಪುಡಿ ನೆನಪಾದರೆ ಆಗಲಿ ಬಿಡಿ. ನೆನಪಿಗೆ ಬರುವಷ್ಟು ‘ಚಕೋರಿ’ ಮನೆಯೊಳಗೆ ಬಂತಲ್ಲ.

---

ಸೀಮೆಸುಣ್ಣ:

ಎಲ್ಲರಿಗೂ ಥ್ಯಾಂಕ್ಸ್. ಕೆಂಪು ಪೆನ್ನಿನ ನಿಯಮವನ್ನೇ ತೆಗೆದುಕೊಂಡೆ. ಬೋರ್ಡಿನ ಮೇಲೆ ತೋರಿಸುವುದು ಸುಲಭ. ಅಂಕವೂ ಹಾಗೆಯೇ, ಹೆಸರಿಗೆ ಒಂದು, ಕೆಳಗಿನ ಸಾಲಿಗೆ ನಾಲ್ಕು.

ನಿನ್ನೆ ಮತ್ತೆ ಆಡಿಸಿದೆ. ಈ ಸಲ ಒಂದು ಷರತ್ತು ಹಾಕಿದೆ: ಸಾಲಿನಲ್ಲಿ ಮೂಲ ಕತೆಯ ಒಂದು ಸಂಗತಿ ಇರಲೇಬೇಕು. ಹ್ಯಾರಿ ಮೋಟರ್ ಹುಡುಗರು ಮೊದಲು ಗೊಣಗಿದರು. ಆಮೇಲೆ ಅವರಲ್ಲೇ ಒಬ್ಬ ಟ ತೆಗೆದು ಠ ಹಾಕಿದ.

ಹ್ಯಾರಿ ಪಾಠರ್: ಹಣೆಯ ಮೇಲಿನ ಮಿಂಚಿನ ಗಾಯ ಮಾಂತ್ರಿಕ ಮಾಡಿದ್ದಲ್ಲ, ಟೀಚರ್ ಎಸೆದ ಸೀಮೆಸುಣ್ಣದ್ದು.

ನಾನು ಎಸೆಯುವುದಿಲ್ಲ. ಇಲ್ಲೇ ಹೇಳಿಬಿಡುತ್ತೇನೆ. ಐದಕ್ಕೆ ಐದು ಕೊಟ್ಟೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎಲ್ಲರಿಗೂ ಬಾಯಿಪಾಠ ಇದೆ. ಒಬ್ಬಳು ಅದನ್ನು ‘ಬೊಮ್ಮನಹಳ್ಳಿಯ ಕಿಂಡರ್‌ಜಾಯ್’ ಮಾಡಿದಳು. ಮಕ್ಕಳೆಲ್ಲ ಅವನ ಹಿಂದೆ ಯಾಕೆ ಹೋದರು ಅಂತ ಈಗ ಗೊತ್ತಾಯಿತಲ್ಲ ಮಿಸ್, ಅಂದಳು. ಕೆಂಪು ಪೆನ್ನಿನ ಲೆಕ್ಕದಲ್ಲಿ ಎಷ್ಟೋ ಬದಲಾವಣೆ. ಹೆಸರಿಗೆ ಸೊನ್ನೆ ಕೊಟ್ಟೆ, ಸಾಲಿಗೆ ನಾಲ್ಕೂ ಕೊಟ್ಟೆ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಇಡೀ ಕ್ಲಾಸು ಅವಳನ್ನೇ ನೋಡಿ ನಗುತ್ತಿತ್ತು.

ಸಣ್ಣವರಿಗೆ, ಅಂದರೆ ಎಂಟನೇ ಕ್ಲಾಸಿಗೆ, ಸುಲಭದ್ದು ಬೇಕಿತ್ತು. ಸ್ಯಾಮ್ಯುಯೆಲ್ ಬಟ್ಲರ್‌ನ ‘ಎರೆವಾನ್’ (1872) ನೆನಪಾಯಿತು. ಎಲ್ಲೂ ಇಲ್ಲದ ದೇಶದ ಕತೆ, ಹೆಸರೂ ಇಂಗ್ಲಿಷಿನ ‘ನೋವೇರ್’ ಅನ್ನು ಹೆಚ್ಚುಕಡಿಮೆ ತಿರುಗಿಸಿ ಬರೆದದ್ದು. ನಮ್ಮ ಊರುಗಳನ್ನು ಹಿಂದುಮುಂದಾಗಿ ಓದಿ, ಗ್ರಹದ ಹೆಸರು ಸಿಗುತ್ತದೆ ಅಂದೆ. ಮಡಿಕೇರಿ ಹೋಗಿ ರಿಕೇಡಿಮ ಆಯಿತು. ಅಲ್ಲಿ ವರ್ಷವಿಡೀ ಮಂಜು, ಯಾರಿಗೂ ಯಾರ ಮುಖವೂ ಗೊತ್ತಿಲ್ಲ. ಬಾದಾಮಿ ಮಿದಾಬಾ ಆಯಿತು, ಕೆಂಪು ಬಂಡೆಯೊಳಗೆ ಮನೆ ಕೊರೆದುಕೊಂಡ ಸಾಮ್ರಾಜ್ಯ. ಸಾಗರವನ್ನು ತಿರುಗಿಸಿದರೆ ‘ರಗಸಾ’. ಅದು ಗ್ರಹ ಅಲ್ಲ, ಹೊಸ ಸೋಪಿನ ಹೆಸರು ಅಂತ ತೀರ್ಮಾನವಾಯಿತು.

ಆಮೇಲೆ ನಮ್ಮ ಕನ್ನಡ ಮೇಷ್ಟ್ರ ವಿಷಯ. ಎರಡು ದಿನದಿಂದ ಸ್ಟಾಫ್ ರೂಮಿನಲ್ಲಿ ನಾನು ಇದನ್ನೇ ಮಾತಾಡುವುದು ಕೇಳಿ ಕೇಳಿ ಸುಮ್ಮನಿದ್ದರು. ನಿನ್ನೆ ಕ್ಲಾಸಿಗೆ ಬಂದು, “ಒಂದಕ್ಷರ ಬದಲಿಸೋದು ದೊಡ್ಡ ವಿದ್ಯೆ ಏನಲ್ಲ, ಒಂದಕ್ಷರವನ್ನೂ ಮುಟ್ಟದೆ ಬದಲಿಸಿ ತೋರಿಸುತ್ತೇನೆ” ಅಂದರು. ಬೋರ್ಡಿನ ಮೇಲೆ ಮನು ಅವರ ವೈಜ್ಞಾನಿಕ ಕಾದಂಬರಿಯ ಹೆಸರು ಬರೆದರು: ಮಹಾಸಂಪರ್ಕ. ಬಿಡಿಸಿ ಬರೆಯಿರಿ ಅಂದರು. ಮಕ್ಕಳು ‘ಮಹಾ + ಸಂಪರ್ಕ’ ಅಂತ ಬರೆದರು. ಮೇಷ್ಟ್ರು ಅದರ ಕೆಳಗೆ ‘ಮಹಾ + ಅಸಂಪರ್ಕ’ ಅಂತ ಬರೆದು, “ಸವರ್ಣದೀರ್ಘ ಸಂಧಿ, ಕೂಡಿಸಿ ಏನಾಗುತ್ತೆ ಹೇಳಿ” ಅಂದರು. ಅದೇ ಮಹಾಸಂಪರ್ಕ! ಸೀಮೆಸುಣ್ಣ ಇಟ್ಟು, ಕೈ ಒರೆಸಿಕೊಂಡು, ಕೆಳಗಿನ ಸಾಲನ್ನೂ ಅವರೇ ಹೇಳಿದರು.

ಮಹಾಸಂಪರ್ಕ: ಅನ್ಯಗ್ರಹದವರು ಕೋಟಿ ಕೋಟಿ ಮೈಲಿ ದಾಟಿ ನಮ್ಮ ತಾಲ್ಲೂಕಿನಲ್ಲಿ ಇಳಿದರು. ಟವರ್ ಸಿಗಲಿಲ್ಲ. ಗುಡ್ಡ ಹತ್ತಿ ನೋಡಿದರು, ಅಲ್ಲೂ ಒಂದೇ ಕಡ್ಡಿ. ವಾಪಸ್ ಹೋದರು.

ಹಿಂದಿನ ಬೆಂಚಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಸಂಧಿ ಪಾಠಕ್ಕೆ ಹೀಗೆ ಚಪ್ಪಾಳೆ ಬಿದ್ದದ್ದನ್ನು ನಾನಂತೂ ನೋಡಿರಲಿಲ್ಲ. ಮೇಷ್ಟ್ರನ್ನೇ ತೀರ್ಪುಗಾರರಾಗಿ ಕೂರಿಸುತ್ತಿದ್ದೇನೆ.

---

ಕರಡು ತಿದ್ದುವವ:

ಮೇಷ್ಟ್ರಿಗೆ ನನ್ನ ಸಾಷ್ಟಾಂಗ. ಇದು ನನ್ನ ಮೇಜಿಗೆ ಬಂದಿದ್ದರೆ ತಪ್ಪಿಲ್ಲ ಅಂತ ಸಹಿ ಹಾಕಿ ಕಳಿಸಿರುತ್ತಿದ್ದೆ. ಹೊಟ್ಟೆಕಿಚ್ಚಿಗೆ ನಾನೂ ಒಂದು ಬಿಡುತ್ತೇನೆ. ಭೂಸನೂರಮಠರ ‘ಮನ್ವಂತರ’ದಿಂದ ನ್ವ ಕಿತ್ತುಹಾಕಿ, ಸೊನ್ನೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ.

ಮಂತರ: ಒಂದು ಯುಗ ಮುಗಿದು ಇನ್ನೊಂದು ಶುರುವಾಗಲು ಕೋಟ್ಯಂತರ ವರ್ಷ ಬೇಕು ಅಂತ ವಿಜ್ಞಾನಿಗಳು ಲೆಕ್ಕ ಹಾಕುತ್ತಿದ್ದಾರೆ. ಪಕ್ಕದ ಬೀದಿಯ ಮಾಟಗಾರ ನಿಂಬೆಹಣ್ಣು ಕೊಯ್ದು ಅಮಾವಾಸ್ಯೆಗೇ ಮುಗಿಸಿಕೊಡುತ್ತೇನೆ ಅನ್ನುತ್ತಿದ್ದಾನೆ, ಮುಂಗಡ ಕೊಟ್ಟರೆ.

ನನ್ನ ನಿಯಮದಲ್ಲಿ ಇದು ಔಟ್, ಎರಡು ಕಡೆ ಪೆನ್ನು ಮುಟ್ಟಿದೆ. ಮೇಷ್ಟ್ರು ಒಪ್ಪಿದರೆ ಮಾತ್ರ ಆಡಿಸಿ.

---

ಕೆಂಪುಕಲ್ಲು:

ಎಲ್ಲ ಸರಿ, ನನ್ನ ಲಾರಿ ಪಾಸಾ ಫೇಲಾ? ಯಾರೂ ಹೇಳಲೇ ಇಲ್ಲ.

---

ಸೀಮೆಸುಣ್ಣ:

ಮೇಷ್ಟ್ರನ್ನು ಕೇಳಿದೆ. ‘ರ್ಡ್’ ಒಂದು ಅಕ್ಷರ, ‘ರಿ’ ಒಂದು ಅಕ್ಷರ, ಲಾರಿ ಬಿಡಿ ಅಂದರು. ಕೆಂಪು ಪೆನ್ನಿನ ಲೆಕ್ಕದಲ್ಲಿ ಫೇಲು. ಕ್ಲೀನರ್ ಘಾಟಿಯಿಂದ ಮೇಲೆ ಬಂದ ಸಾಲಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದ್ದೇವೆ.